ರಂಗೀನ್ ಮಹಲ್ ನೋಡಲು ನಮ್ಮ ಮಕ್ಕಳಿಗೊಂದು ಬಸ್: ದೇಣಿಗೆ ಮನವಿ

ಊರಿನ ಹಿರಿಯರಿಗೆ, ಪಾಲಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ ನಮಸ್ಕಾರ.

ಔರಾದ ತಾಲೂಕಿನ ನಮ್ಮ ಶಾಲೆಯಿಂದ ಈ ಸಲ ಏಳನೇ, ಎಂಟನೇ ತರಗತಿಯ ಮಕ್ಕಳನ್ನು ಬೀದರ್ ಕೋಟೆಗೆ ಕರೆದೊಯ್ಯಬೇಕೆಂದಿದ್ದೇವೆ. ಕೋಟೆ ನೋಡದವರು ಯಾರಿದ್ದಾರೆ ಅಂತ ನೀವು ಕೇಳಬಹುದು. ನಿಜ, ಜಾತ್ರೆಗೋ ಮದುವೆಗೋ ಬೀದರಿಗೆ ಹೋದವರು ಒಳಗೆ ಹೋಗಿಯೇ ಇರುತ್ತಾರೆ. ಫಿರಂಗಿಯ ಹತ್ತಿರ ಫೋಟೊ, ಸೋಲಾ ಖಂಬ ಮಸೀದಿಗೊಂದು ಸುತ್ತು, ವಾಪಸ್. ಗುಂಬದ್ ದರ್ವಾಜಾದ ಸಮೀಪವೇ ಇರುವ ರಂಗೀನ್ ಮಹಲ್ ಮಾತ್ರ ಉಳಿದುಬಿಡುತ್ತದೆ. ಹೊರಗಿನಿಂದ ಅದು ಸಾದಾ ಗೋಡೆ, ಅಷ್ಟೆ.

ಬೀದರಿನ ಸುಲ್ತಾನ ಅಲಿ ಬರೀದ್ ಶಾ 16ನೇ ಶತಮಾನದಲ್ಲಿ ಅದನ್ನು ಸಿಂಗರಿಸಿದ. ಬಹಮನಿ ರಾಜ್ಯ ಐದು ಪಾಲಾದ ಮೇಲೆ ಬರೀದ್ ಶಾಹಿಗಳಿಗೆ ಸಿಕ್ಕಿದ್ದು ಸಣ್ಣ ಪಾಲು. ಬಹುಶಃ ಅದಕ್ಕೇ ಈ ಮಹಲಿನಲ್ಲಿ ಎತ್ತರ, ಅಗಲಕ್ಕಿಂತ ಕೈಕೆಲಸ ಜಾಸ್ತಿ.

ನಮ್ಮ ಕಡೆಯ ಕೆಂಪು ಕಲ್ಲು ನಿಮಗೆ ಗೊತ್ತೇ ಇದೆ. ಕೋಟೆಯ ಕಂದಕವನ್ನು ಕಡಿದದ್ದೂ ಆ ಬಂಡೆಯಲ್ಲೇ. ತೂತು ತೂತಾದ ಆ ಕಲ್ಲಿನಲ್ಲಿ ನವಿರಾದ ಕೆತ್ತನೆ ನಿಲ್ಲುವುದಿಲ್ಲ. ಹಾಗಾಗಿ ಕುಶಲಕರ್ಮಿಗಳು ಬೇರೆ ದಾರಿ ಹಿಡಿದರು. ಕೆತ್ತನೆಯನ್ನು ಕಟ್ಟಿಗೆಯ ಕಂಬಗಳಿಗೆ ಕೊಟ್ಟರು. ಗೋಡೆಗೆ ಬಣ್ಣದ ಟೈಲ್ಸ್ ತುಂಡುಗಳನ್ನು ಜೋಡಿಸಿದರು. ಒಳಗಿನ ಕೋಣೆಯಲ್ಲಿ ನುಣುಪಾದ ಕಪ್ಪು ಕಲ್ಲನ್ನು ಕೊರೆದು ಮುತ್ತಿನ ಚಿಪ್ಪು ಕೂರಿಸಿದರು. ಬಳ್ಳಿ, ಹೂವು, ಪಾರಸಿ ಸಾಲುಗಳು ಎಲ್ಲವೂ ಚಿಪ್ಪಿನಲ್ಲೇ! ಕಂಬಗಳಲ್ಲಿ ನಮ್ಮ ದೇಶದ ಬಡಗಿಗಳ ಕೈ ಕಾಣುತ್ತದೆ, ಟೈಲ್ಸ್‌ನಲ್ಲಿ ಇರಾನಿನ ರೀತಿ.

ಕಪ್ಪಿನ ಮೇಲೆ ಹೊಳೆಯುವ ಬಿಳಿ ನೋಡಿದರೆ ಬೀದರಿನ ಲೋಹದ ಕಲೆ ಬಿದ್ರಿ ನೆನಪಾಗದೆ ಇರದು. ಬಿದ್ರಿಯಲ್ಲಿ ಸತು, ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಕ್ಕಳು ಇವೆರಡನ್ನೂ ಒಂದೇ ದಿನ ನೋಡಬೇಕು ಅನ್ನುವುದೇ ನಮ್ಮ ಆಸೆ. ಸುಮ್ನೆ ಪಿಕ್ನಿಕ್ ಆದರೆ ಇಷ್ಟು ಬರೆಯುತ್ತಿರಲಿಲ್ಲ.

ಹೆಚ್ಚಿನ ದಿನ ಮಹಲಿಗೆ ಬೀಗ ಇರುತ್ತದೆ. ಹಾಗಾಗಿ ಪುರಾತತ್ವ ಇಲಾಖೆಯ ಅನುಮತಿ ಸಿಕ್ಕ ಮೇಲೆಯೇ ದಿನ ಗೊತ್ತುಮಾಡುತ್ತೇವೆ. ಬಿದ್ರಿ ಕೆಲಸಗಾರರೊಬ್ಬರನ್ನು ಕರೆಸಿ ಮಕ್ಕಳೆದುರು ಕೆಲಸ ಮಾಡಿಸುತ್ತೇವೆ. ಅವರ ಅರ್ಧ ದಿನದ ದುಡಿಮೆಗೆ ಕೂಲಿ ಕೊಡಬೇಕಲ್ವಾ?

ಬಸ್ ಬಾಡಿಗೆ, ಆ ಕೂಲಿ, ಚಿತ್ರ ಬಿಡಿಸುವ ಪುಸ್ತಕ, ಪೆನ್ಸಿಲ್ ಸೇರಿ ಒಂದು ಮಗುವಿಗೆ 350 ರೂಪಾಯಿ ಬೀಳುತ್ತದೆ. ಒಬ್ಬ ಮಗುವಿನ ಖರ್ಚು ಹೊತ್ತರೂ ಸಾಕು, 50 ರೂಪಾಯಿ ಕೊಟ್ಟರೂ ಸಂತೋಷ. ಮಕ್ಕಳಿಂದ ಹಣ ತೆಗೆದುಕೊಳ್ಳುವುದಿಲ್ಲ. ದುಡ್ಡಿನ ಬದಲು ಬುತ್ತಿ ಕೊಡುವ ತಾಯಂದಿರಿದ್ದರೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಆಗಬಹುದು. ಹೋದ ಸಲ ಉಪ್ಪಿಟ್ಟು ಜಾಸ್ತಿಯಾಗಿತ್ತು, ದಯವಿಟ್ಟು ಬೇಡ.

ದೇಣಿಗೆಯನ್ನು ಶಾಲೆಯ ಕಚೇರಿಯಲ್ಲೇ ಕೊಟ್ಟು ರಸೀದಿ ಪಡೆಯಿರಿ. ಬೇರೆ ಯಾರ ಕೈಗೂ ಕೊಡಬೇಡಿ. ಪ್ರವಾಸ ಮುಗಿದ ವಾರದಲ್ಲಿ ಪೂರ್ತಿ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಹಣ ಉಳಿದರೆ ಮುಂದಿನ ವರ್ಷ ಆರನೇ ತರಗತಿಯವರಿಗೆ ಮಹಮೂದ್ ಗವಾನ್ ಮದರಸಾ ತೋರಿಸುತ್ತೇವೆ.

ಶಾಲಾ ಆಡಳಿತ ಮಂಡಳಿ ಮತ್ತು ಶಿಕ್ಷಕರು