ಉಪ್ಪು ಹಾಕುವ ಮೊದಲು ದರಕಿನಡಿಯ ಬಸವನಹುಳುವನ್ನು ಗುರುತಿಸೋಣ

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಡಿಯಿತೆಂದರೆ ಆಫ್ರಿಕಾದ ದೈತ್ಯ ಬಸವನಹುಳುವಿನ ಹಾವಳಿಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ, ಬರಬೇಕಾದದ್ದೇ. 1847ರಲ್ಲಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ಬಂದ ಈ ಹುಳು ಇಂದು ಕೊಡಗಿನ ಕಾಫಿ ತೋಟಗಳಿಗೂ ಕಂಟಕವಾಗಿದೆ. ಆದರೆ ಕಂಡ ಚಿಪ್ಪಿಗೆಲ್ಲ ಉಪ್ಪು ಸುರಿಯುವ, ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆ ಎರಚುವ ಆತುರದಲ್ಲಿ, ಬೆಳೆಯ ತಂಟೆಗೇ ಬಾರದೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ದರಕಿನಡಿ, ಅಂದರೆ ಉದುರಿದ ಒಣ ಎಲೆಗಳಡಿ, ಕೊಳೆತ ಎಲೆ, ಪಾಚಿಗಳನ್ನು ತಿಂದು ಬದುಕುವ ನಮ್ಮ ಕಾಡಿನ ಪುಟ್ಟ ಹುಳುಗಳೂ ಸಾಯುತ್ತಿವೆ.

ಗಾತ್ರವೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ, ಏಕೆಂದರೆ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಆಫ್ರಿಕಾದ ಮರಿ ಅರ್ಧ ಸೆಂಟಿಮೀಟರಿನಷ್ಟೇ ಇರುತ್ತದೆ. ಚಿಪ್ಪನ್ನು ಮಗುಚಿ ಬಾಯಿ ನೋಡಬೇಕು. ಆಫ್ರಿಕಾದ ಹುಳುವಿನಲ್ಲಿ ಚಿಪ್ಪಿನ ನಡುಗಂಬ ಬಾಯಿಯ ಬುಡದಲ್ಲಿ ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆ; ಬಾಯಿಗೆ ಮುಚ್ಚಳವಂತೂ ಇಲ್ಲ. ಬೇಸಿಗೆಯಲ್ಲಿ ಅದು ಒಣಗಿದ ಲೋಳೆಯ ಪರದೆಯನ್ನಷ್ಟೇ ಎಳೆದುಕೊಳ್ಳುತ್ತದೆ. ನಮ್ಮ ಕಾಡಿನ ಸೈಕ್ಲೋಫೋರಸ್ ಹಾಗೂ ಕೆಲವೇ ಮಿಲಿಮೀಟರ್ ಅಳತೆಯ ಸಯಾಥೋಪೋಮ ಎಂಬ ಬಸವನಹುಳುಗಳು ಒಳಸರಿದಾಗ ದುಂಡನೆಯ ಗಟ್ಟಿ ಮುಚ್ಚಳ ಬಾಗಿಲಿನಂತೆ ಕೂರುತ್ತದೆ. ಇವುಗಳ ಕಣ್ಣಿರುವುದು ಕೊಂಬಿನ ಬುಡದಲ್ಲಿ, ಅದೂ ಒಂದೇ ಜೊತೆ ಕೊಂಬು. ತುದಿಗಣ್ಣಿನ ಬಸವನಹುಳುವನ್ನಷ್ಟೇ ಕಂಡವರಿಗೆ ಇದು ವಿಚಿತ್ರವೆನಿಸೀತು. ಮುಚ್ಚಳವಿಲ್ಲದ್ದೆಲ್ಲ ಪರದೇಶಿಯೆಂದೂ ತಿಳಿಯಬಾರದು. ಚಪ್ಪಟೆ ಚಿಪ್ಪಿನ ಅರಿಯೊಫ್ಯಾಂಟ ನಮ್ಮದೇ. ಚಿಪ್ಪಿನ ತುದಿ ಮೇಲಾಗಿ, ಬಾಯಿ ನಮ್ಮತ್ತ ಇರುವಂತೆ ಹಿಡಿದರೆ ಅದರ ಬಾಯಿ ಸಾಮಾನ್ಯವಾಗಿ ಎಡಕ್ಕೆ ತೆರೆದಿರುತ್ತದೆ, ಆಫ್ರಿಕಾದ್ದು ಬಲಕ್ಕೆ.

ನೆಲೆಯೂ ಸುಳಿವು ಕೊಡುತ್ತದೆ. ಕಾಡಿನ ಸಣ್ಣ ಹುಳುಗಳಿಗೆ ನೆರಳು, ತೇವ, ಚಿಪ್ಪು ಕಟ್ಟಲು ಸುಣ್ಣದಂಶ ಬೇಕು. ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣ ಕಡಿಮೆಯಾದ್ದರಿಂದ ಅದು ಬಹುಮಟ್ಟಿಗೆ ಎಲೆಗಳ ಕೊಳೆತದಿಂದಲೇ ದೊರೆಯಬೇಕು. ಕೊಟ್ಟಿಗೆಗೆಂದು ದರಕನ್ನು ನೆಲ ಕಾಣುವಂತೆ ಗುಡಿಸಿದಲ್ಲಿ ಇವುಗಳಿಗೆ ಆಸರೆಯೇ ಇಲ್ಲ. ನಾನೂ ಹಾಗೆ ಗುಡಿಸಿದವನೇ.

ತಮ್ಮಲ್ಲಿ ಒಂದು ಕೋರಿಕೆ. ಹಾವಳಿಯ ಸುದ್ದಿಯೊಂದಿಗೆ ಮೇಲಿನಿಂದ ತೆಗೆದ ಚಿತ್ರವಷ್ಟನ್ನೇ ಮುದ್ರಿಸದೆ, ಚಿಪ್ಪಿನ ಬಾಯಿ ಕಾಣುವ ಚಿತ್ರವನ್ನೂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಪ್ರಕಟಿಸಿದರೆ, ಉಪ್ಪಿನ ಚೀಲ ಬಿಚ್ಚುವ ಮೊದಲು ನಮ್ಮಂಥವರು ಹೋಲಿಸಿ ನೋಡಬಹುದು.

— ಒಬ್ಬ ಅಡಿಕೆ ಬೆಳೆಗಾರ, ಶಿರಸಿ