ಹದಿನೆಂಟು ತುಂಬುವ ಮಗಳಿಗೆ

ಪ್ರೀತಿಯ ಪುಟ್ಟಿ,

ಬರುವ ವಾರ ನಿನಗೆ 18 ತುಂಬುತ್ತದೆ. ಹಾಸ್ಟೆಲ್ಲಿನಲ್ಲಿ ಗೆಳತಿಯರು ಕೇಕ್ ತರುತ್ತಾರೆ, ಫೋಟೊ ತೆಗೆಯುತ್ತಾರೆ. ಅದೇ ರಾತ್ರಿ ಅವೆಲ್ಲ ಇನ್‌ಸ್ಟಾಗ್ರಾಮಿಗೆ ಹೋಗುತ್ತವೆ. ಹೋಗಲಿ, ಸಂತೋಷದ ದಿನ. ನಾನು ಬೇಡ ಅನ್ನುವುದಿಲ್ಲ. ಆದರೆ ಕೆಲವು ಮಾತು ಹೇಳಬೇಕು. ಫೋನಿನಲ್ಲಿ ಹೇಳಿದರೆ "ಗೊತ್ತಮ್ಮ, ಗೊತ್ತು" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

18 ತುಂಬದ ಮಕ್ಕಳ ಇನ್‌ಸ್ಟಾಗ್ರಾಮ್ ಖಾತೆಗಳಿಗೆ ನಮ್ಮ ದೇಶದಲ್ಲಿ 2025ರ ಫೆಬ್ರವರಿಯಿಂದ ಕೆಲವು ಕಟ್ಟುಪಾಡು ಬಂದವಲ್ಲ, ನಿನಗೂ ಇದ್ದವು. ಖಾತೆ ತಾನಾಗಿಯೇ ಪ್ರೈವೇಟ್. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಇಲ್ಲ. ದಿನಕ್ಕೆ 60 ನಿಮಿಷ ಆಯಿತೆಂದರೆ ಸಾಕು ಅನ್ನುವ ಸೂಚನೆ. ಇನ್ನು ಮುಂದೆ ಅವನ್ನು ಇಟ್ಟುಕೊಳ್ಳಬೇಕೋ ಬೇಡವೋ ನಿನಗೇ ಬಿಟ್ಟದ್ದು. ನನ್ನನ್ನು ಕೇಳಿದರೆ ಇಟ್ಟುಕೋ ಅಂತೀನಿ. ದೊಡ್ಡವರ ಖಾತೆಯಲ್ಲೂ ಖಾತೆ ಪ್ರೈವೇಟ್ ಮಾಡಿಕೊಳ್ಳಬಹುದು, ರಾತ್ರಿಯ ನೋಟಿಫಿಕೇಶನ್ ನಿಲ್ಲಿಸಬಹುದು, ದಿನದ ಮಿತಿ ಹಾಕಿಕೊಳ್ಳಬಹುದು.

ಇದೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಕೂತಿರುವುದು ಬೇರೆ. ದಸರಾ ರಜೆಗೆ ಬಂದಾಗ ನೀನು ಅಜ್ಜಿಯ ಪಕ್ಕ ಕೂತು ತೆಗೆಸಿಕೊಂಡ ಫೋಟೊ ಹಾಕಿದ್ದೆ. ಸಂಜೆಯೊಳಗೆ ತೆಗೆದೂಬಿಟ್ಟೆ. "ಯಾರೂ ಲೈಕ್ ಮಾಡ್ಲಿಲ್ಲಮ್ಮ, ಚೆನ್ನಾಗಿಲ್ಲ ಅನ್ಸತ್ತೆ" ಅಂದೆ. ಆ ಫೋಟೊ ತುಂಬಾ ಚೆನ್ನಾಗಿತ್ತು ಮಗಳೇ. ಚೆನ್ನಾಗಿಲ್ಲ ಅಂತ ನಿನಗೆ ಯಾರು ಹೇಳಿದರು? ಗೆಳತಿಯರಲ್ಲ. ಅವರಲ್ಲಿ ಎಷ್ಟೋ ಜನರಿಗೆ ಅದು ಕಾಣಿಸಿಯೇ ಇರಲಿಕ್ಕಿಲ್ಲ.

2010ರಲ್ಲಿ ಇನ್‌ಸ್ಟಾಗ್ರಾಮ್ ಶುರುವಾದಾಗ, ಯಾರು ಯಾವಾಗ ಫೋಟೊ ಹಾಕಿದರೋ ಅದೇ ಕ್ರಮದಲ್ಲಿ ಕಾಣುತ್ತಿತ್ತು. 2016ರಲ್ಲಿ ಅದನ್ನು ಬದಲಾಯಿಸಿದರು. ಯಾರಿಗೆ ಯಾವುದನ್ನು ಮೇಲೆ ತೋರಿಸಬೇಕು, ಯಾವುದನ್ನು ಕೆಳಗೆ ತಳ್ಳಬೇಕು ಅನ್ನುವುದನ್ನು ಈಗ ಲೆಕ್ಕ ಹಾಕುವುದು ಕಂಪ್ಯೂಟರ್. ಯಾವುದರ ಮುಂದೆ ಜನ ಜಾಸ್ತಿ ಹೊತ್ತು ನಿಲ್ಲುತ್ತಾರೆ, ಯಾವುದನ್ನು ಒತ್ತುತ್ತಾರೆ, ಯಾವುದನ್ನು ಬೇರೆಯವರಿಗೆ ಕಳಿಸುತ್ತಾರೆ ಅನ್ನುವುದೇ ಅದರ ಆಧಾರ. ನಾವು ಅಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಜಾಹೀರಾತು ತೋರಿಸಬಹುದು. ಕಂಪನಿಗೆ ದುಡ್ಡು ಬರುವುದೇ ಅದರಿಂದ. ನಿನ್ನ ಅಜ್ಜಿಯ ಫೋಟೊ ಆ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದರೆ ನಿನ್ನ ಮುಖದಲ್ಲಾಗಲಿ, ಅಜ್ಜಿಯ ಮುಖದಲ್ಲಾಗಲಿ ಏನೂ ಕೊರತೆ ಇದೆ ಅಂತಲ್ಲ.

ಇವತ್ತು ಹಿಗ್ಗಿ ನಾಳೆ ಕುಗ್ಗುವ ಟೇಪ್ ಹಿಡಿದು ನಾನು ಅಳತೆ ತೆಗೆದರೆ ನನ್ನ ಅಂಗಡಿಯ ಒಂದು ಬ್ಲೌಸಾದರೂ ಯಾರಿಗಾದರೂ ಸರಿಯಾಗಿ ಕೂರುತ್ತದೆಯೇ? ಲೈಕುಗಳ ಅಂಕಿ ಅಂಥ ಟೇಪು. ಅದರಲ್ಲಿ ನಿನ್ನನ್ನು ನೀನು ಅಳೆದುಕೊಳ್ಳಬೇಡ. ಅದನ್ನು ಮರೆಮಾಡುವ ಆಯ್ಕೆಯೂ 2021ರಿಂದ ಇದೆ. ನಿನ್ನ ಪೋಸ್ಟಿನದ್ದನ್ನೂ ಮರೆಮಾಡಬಹುದು, ಬೇರೆಯವರದ್ದನ್ನೂ. ಒಂದು ತಿಂಗಳು ಹಾಗೆ ಇಟ್ಟು ನೋಡು.

2021ರಲ್ಲಿ ಫ್ರಾನ್ಸಿಸ್ ಹೌಗೆನ್ ಎಂಬ ಹೆಣ್ಣುಮಗಳು ತಾನು ಕೆಲಸ ಮಾಡಿದ್ದ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದರು. ಇನ್‌ಸ್ಟಾಗ್ರಾಮ್ ಕೂಡ ಅದೇ ಕಂಪನಿಯದ್ದು. ತಮ್ಮ ಮೈಯ ಬಗ್ಗೆ ಬೇಸರ ಆದಾಗ ಇನ್‌ಸ್ಟಾಗ್ರಾಮ್ ಆ ಬೇಸರವನ್ನು ಇನ್ನಷ್ಟು ಹೆಚ್ಚಿಸಿತು ಅಂತ ಹದಿಹರೆಯದ ಹುಡುಗಿಯರಲ್ಲಿ 32% ಜನ ಹೇಳಿದ್ದು ಆ ಕಾಗದಗಳಲ್ಲಿತ್ತು. ಅದನ್ನು ಓದಿ ನನಗೆ ಸಿಟ್ಟು ಬಂತು, ಈಗಲೂ ಇದೆ. ಎಷ್ಟೋ ವರ್ಷದಿಂದ ಹೆಂಗಸರ ಅಳತೆ ತೆಗೆಯುತ್ತಿದ್ದೇನೆ. ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ಇಳಿದಿರುವವರು ಎಷ್ಟು ಜನ ಗೊತ್ತಾ? ಎರಡು ತೋಳಿನ ಸುತ್ತಳತೆಯೂ ಎಷ್ಟೋ ಜನರಲ್ಲಿ ಒಂದೇ ಇರುವುದಿಲ್ಲ. ಮದುವೆ ಹುಡುಗಿಯರಲ್ಲೂ ಹಾಗೇ. ಅದು ಯಾರ ದೋಷವೂ ಅಲ್ಲ, ಮೈ ಇರುವುದೇ ಹಾಗೆ. ನಾವು ಬಟ್ಟೆಯನ್ನು ಮೈಗೆ ಹೊಂದಿಸಿ ಹೊಲಿಯುತ್ತೇವೆ. ಫಿಲ್ಟರ್ ಹಾಕಿದ ಮುಖಗಳನ್ನು ನೋಡಿ ಕನ್ನಡಿಯ ಮುಂದೆ ನಿಂತು ನೀನು ಕುಗ್ಗಿದರೆ ನನಗೆ ತಡೆಯುವುದಿಲ್ಲ. ನೋಡಿದಾಗಲೆಲ್ಲ ಮನಸ್ಸು ಸಣ್ಣದಾಗುವಂಥ ಖಾತೆ ಇದ್ದರೆ ಅನ್‌ಫಾಲೋ ಮಾಡು. ಪರಿಚಯದವರದ್ದಾದರೆ ಮ್ಯೂಟ್ ಮಾಡು, ಅವರಿಗೆ ತಿಳಿಯುವುದಿಲ್ಲ.

ಸುಮ್ನೆ ಹೆದರಿಸುತ್ತಿಲ್ಲ. ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯರು, ಆಗಿದ್ದಾಗ 2023ರಲ್ಲಿ ಈ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ 3 ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿರುವ ಮಕ್ಕಳಲ್ಲಿ ಖಿನ್ನತೆ, ಆತಂಕದಂಥ ತೊಂದರೆಯ ಅಪಾಯ ಎರಡು ಪಟ್ಟು ಅಂತ ಅದರಲ್ಲಿದೆ. ಇನ್ನೂ ಅಧ್ಯಯನ ಆಗಬೇಕು ಅಂತಲೂ ಇದೆ, ಕೆಲವು ಮಕ್ಕಳಿಗೆ ಅಲ್ಲಿ ತಮ್ಮಂಥವರ ಜೊತೆ ಸಿಗುತ್ತದೆ ಅಂತಲೂ ಇದೆ. ನನಗೆ ಆ ಮಾತು ಸರಿ ಅನ್ನಿಸಿತು. ನನ್ನ ಅಂಗಡಿಗೆ ಅರ್ಧ ಆರ್ಡರ್ ಬರುವುದು ವಾಟ್ಸಾಪ್ ಸ್ಟೇಟಸ್ ನೋಡಿಯೇ ಅಲ್ವಾ? ಆರಿ ವರ್ಕ್‌ನ ಹೊಸ ಡಿಸೈನ್ ಬೇಕಾದಾಗ ನಾನೂ ಹುಡುಕುತ್ತೇನೆ. ಬೇಕಾದದ್ದು ಸಿಕ್ಕಿದ ಮೇಲೆ ಮುಚ್ಚಿ ಸೂಜಿ ಹಿಡಿಯುತ್ತೇನೆ.

ಮುಚ್ಚುವುದೇ ಕಷ್ಟ, ನಿಜ. ಹಾಗೆ ಕಷ್ಟ ಆಗಲಿ ಅಂತಲೇ ಮಾಡಿದ್ದು. ಮೊದಲೆಲ್ಲ ಒಂದು ಪುಟ ಮುಗಿದರೆ ಮುಂದಿನದಕ್ಕೆ ಒತ್ತಬೇಕಿತ್ತು. ಒತ್ತುವ ಮೊದಲು ಸಾಕು ಅನ್ನಿಸಬಹುದಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬಾತ ಕೊನೆಯೇ ಇಲ್ಲದೆ ಜಾರುತ್ತ ಹೋಗುವ ಪುಟ ಮಾಡಿದ. ಹಾಗೆ ಮಾಡಿದ್ದಕ್ಕೆ ಆಮೇಲೆ ಅವನೇ ಬೇಸರ ಪಟ್ಟುಕೊಂಡ. ರೀಲ್ಸ್ ನಮ್ಮಲ್ಲಿಗೆ ಬಂದದ್ದು 2020ರ ಜುಲೈನಲ್ಲಿ, ಟಿಕ್‌ಟಾಕ್ ನಿಂತ ಬೆನ್ನಲ್ಲೇ. ಅಲ್ಲಂತೂ ಒಂದು ಮುಗಿದರೆ ಇನ್ನೊಂದು ಸಿದ್ಧ. ಆದ್ದರಿಂದ ನಿಲ್ಲಿಸಲು ಆಗಲಿಲ್ಲ ಅಂತ ನಿನ್ನನ್ನೇ ಬೈದುಕೊಳ್ಳಬೇಡ. ಏನಕ್ಕೆ ತೆರೆಯುತ್ತಿದ್ದೀಯ ಅನ್ನುವುದು ತೆರೆಯುವ ಮೊದಲೇ ನಿನಗೆ ಗೊತ್ತಿರಲಿ. ಆ್ಯಪಿನಲ್ಲಿ ಮೇಲಿರುವ ಇನ್‌ಸ್ಟಾಗ್ರಾಮ್ ಅನ್ನುವ ಹೆಸರು ಒತ್ತಿದರೆ ಫಾಲೋಯಿಂಗ್ ಅಂತ ಬರುತ್ತದೆ. ಅಲ್ಲಿ ನೀನು ಆರಿಸಿಕೊಂಡವರದ್ದು ಮಾತ್ರ, ಹೊಸದು ಮೊದಲು. ಗೆಳತಿಯ ಫೋಟೊ ಇಷ್ಟವಾದರೆ ಬರೀ ಹಾರ್ಟ್ ಒತ್ತಬೇಡ, ಅವಳಿಗೆ ಎರಡು ಸಾಲು ಬರೆ. ಆ ಎರಡು ಸಾಲು ಅವಳಿಗೆ ಎಷ್ಟೋ ದಿನ ನೆನಪಿರುತ್ತದೆ. ರಾತ್ರಿ ಫೋನನ್ನು ಮಂಚದಿಂದ ದೂರ ಚಾರ್ಜಿಗೆ ಹಾಕು. ಏಳುವುದಕ್ಕೆ ಅಲಾರಂ ಗಡಿಯಾರ ಈ ಪತ್ರದ ಜೊತೆ ಪಾರ್ಸೆಲ್ಲಿನಲ್ಲಿ ಇಟ್ಟಿದ್ದೇನೆ.

ಕೊನೆಗೆ ಇದನ್ನು ಚೆನ್ನಾಗಿ ಓದಿಕೋ. ಯಾರಾದರೂ ನಿನ್ನ ಫೋಟೊ ಇಟ್ಟುಕೊಂಡು, ಅದು ನಿಜವಾದದ್ದೇ ಇರಲಿ, ಕಂಪ್ಯೂಟರಿನಲ್ಲಿ ಮಾಡಿದ್ದೇ ಇರಲಿ, ಹೆದರಿಸಿದರೆ ದುಡ್ಡು ಕೊಡಬೇಡ. ಅವರು ಕೇಳಿದ ಇನ್ನೊಂದು ಫೋಟೊನೂ ಕಳಿಸಬೇಡ. ಮೆಸೇಜು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡು. ಸೈಬರ್ ಅಪರಾಧದ ಸಹಾಯವಾಣಿ 1930. ಮನಸ್ಸು ತುಂಬಾ ಭಾರವಾದರೆ ಟೆಲಿ ಮನಸ್ ನಂಬರ್ 14416, ಹಗಲೂ ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಎಲ್ಲರಿಗಿಂತ ಮೊದಲು ನನಗೆ ಫೋನ್ ಮಾಡು. ರಾತ್ರಿ ಎರಡು ಗಂಟೆಯಾದರೂ ಮಾಡು. ಅಪ್ಪ ಏನಂತಾರೋ ಅಂತ ಹೆದರಬೇಡ, ಈ ಸಾಲನ್ನು ಅವರ ಮುಂದೆಯೇ ಕೂತು ಬರೆಯುತ್ತಿದ್ದೇನೆ. ಏನಾಯಿತು, ಯಾಕೆ ಕಳಿಸಿದೆ ಅಂತ ನಾವಿಬ್ಬರೂ ಕೇಳುವುದಿಲ್ಲ. ಮೊದಲ ಬಸ್ಸಿಗೆ ಹೊರಟು ಬರುತ್ತೇವೆ.

ನಿನ್ನ ಅಮ್ಮ