ದೇಸಿ ಬೀಜ ಉಳಿಸಲು ದೇಣಿಗೆ: ಭಾನುವಾರ ಕೊನೆ ದಿನ

ಎಲ್ಲರಿಗೂ ನಮಸ್ಕಾರ 🙏

ಮುಂಗಾರು ಬಿತ್ತನೆಗೆ ಮೊದಲು, ರೈತರ ಜೊತೆ ದೇಸಿ ಬೀಜ ಉಳಿಸುವ 'ಸಹಜ ಸಮೃದ್ಧ' ಸಂಸ್ಥೆಗೆ ದೇಣಿಗೆ ಕೊಡೋಣ ಅಂತ ಮಾತಾಗಿತ್ತಲ್ಲ, ಅದಕ್ಕೆ ಈ ಭಾನುವಾರ ಕೊನೆ ದಿನ. ಹೆಸರು ಕೊಟ್ಟವರೆಲ್ಲ ದಯವಿಟ್ಟು ಗಮನಿಸಿ.

ಯಾಕೆ ಈಗಲೇ ಅಂದರೆ, ರಾಜಮುಡಿ, ರತ್ನಚೂಡಿ, ಗಂಧಸಾಲೆಯಂಥ ಭತ್ತದ ಬೀಜ ಡಬ್ಬಿಯಲ್ಲಿಟ್ಟರೆ ಉಳಿಯಲ್ಲ, ವರ್ಷ ಕಳೆದಂತೆ ಮೊಳಕೆ ಕುಂದುತ್ತದೆ. ಮತ್ತೆ ಮತ್ತೆ ಬಿತ್ತಬೇಕು, ಗದ್ದೆಗಿಳಿದು ಬೆರಕೆ ಗಿಡ ಕೀಳಬೇಕು, ಒಳ್ಳೆ ತೆನೆ ಆರಿಸಿ ಒಣಗಿಸಿಡಬೇಕು. ಈ ಕೆಲಸ ಮಾಡುವ ರೈತರ ಬೆನ್ನಿಗೆ ನಾವು ನಿಲ್ಲಲೇಬೇಕು ಅನ್ನೋದು ನನ್ನ ಅಭಿಪ್ರಾಯ.

👉 ಹಣ ನನಗೆ ಕಳಿಸಬೇಡಿ. ಸಂಸ್ಥೆಯ ಕಚೇರಿಯಲ್ಲೇ ಖಾತೆ ವಿವರ ಕೇಳಿ, ನೇರವಾಗಿ ಹಾಕಿ. ಫಾರ್ವರ್ಡ್ ಆಗಿ ಬಂದ ಕ್ಯೂಆರ್ ಕೋಡ್ ನಂಬಬೇಡಿ.
👉 ತೆರಿಗೆ ವಿನಾಯಿತಿ ಬೇಕಿದ್ದವರು ಈ ದೇಣಿಗೆಗೆ ಅದು ಸಿಗುತ್ತದಾ ಅಂತ ಮೊದಲೇ ವಿಚಾರಿಸಿ, ಪ್ಯಾನ್ ಕೊಟ್ಟು ರಸೀದಿ ಪಡೆಯಿರಿ. 2000 ರೂ. ಮೀರಿದ ನಗದಿಗೆ ವಿನಾಯಿತಿ ಇಲ್ಲ.

ಈಗ ಕೈ ಬಿಗಿ ಇದ್ದವರು ಬೇಜಾರಾಗಬೇಡಿ. ತಿಂಗಳಿಗೆ ಎರಡು ಕೆಜಿ ರಾಜಮುಡಿ ಅಕ್ಕಿ ಕೊಂಡರೂ ಬೆಳೆದವರಿಗೆ ಆಸರೆಯೇ.

ಕೊಟ್ಟವರು ಇಲ್ಲಿ 'ಆಯ್ತು' ಅಂತ ಹಾಕಿ, ಮೊತ್ತ ಬರೆಯೋದು ಬೇಡ. ಆನ್‌ಲೈನ್ ಪಾವತಿ ಗೊತ್ತಾಗದ ಹಿರಿಯರು ಸಂಜೆ ಫೋನ್ ಮಾಡಿ, ಜೊತೆಗಿದ್ದು ಮಾಡಿಸಿಕೊಡುತ್ತೇನೆ.